ಆಕ್ಸಿರಿಂಕಸ್: ಕಸದ ದಿಬ್ಬಗಳಲ್ಲಿ ಉಳಿದ ನಗರ

ಪ್ರಾಚೀನ ನಗರಗಳ ವೈಭವವನ್ನು ಸಾಮಾನ್ಯವಾಗಿ ಅವುಗಳ ಕಂಬ, ಕಮಾನು, ದೇವಾಲಯಗಳಿಂದ ಅಳೆಯುವುದು ರೂಢಿ. ಈಜಿಪ್ಟಿನ ಆಕ್ಸಿರಿಂಕಸ್ ಇದಕ್ಕೆ ಅಪವಾದ. ಕೈರೋದಿಂದ ದಕ್ಷಿಣಕ್ಕೆ ಸುಮಾರು 160 ಕಿ.ಮೀ. ದೂರದಲ್ಲಿರುವ ಈ ಸ್ಥಳಕ್ಕೆ ಈಗ ಅಲ್ ಬಹ್ನಸಾ ಎಂದು ಹೆಸರು. ಕ್ರಿ.ಪೂ. 332ರಲ್ಲಿ ಅಲೆಕ್ಸಾಂಡರನು ಈಜಿಪ್ಟನ್ನು ಗೆದ್ದ ತರುವಾಯ ಇಲ್ಲಿ ಗ್ರೀಕರು ನೆಲಸಿದರು, ಕ್ರಿ.ಪೂ. 30ರಲ್ಲಿ ಅದು ರೋಮನರ ಅಧೀನವಾಯಿತು. 1922ರಲ್ಲಿ ಫ್ಲಿಂಡರ್ಸ್ ಪೆಟ್ರಿ ಇಲ್ಲಿ ಸುಮಾರು 11,000 ಪ್ರೇಕ್ಷಕರು ಕುಳಿತುಕೊಳ್ಳಬಹುದಾಗಿದ್ದ ರಂಗಮಂದಿರದ ಅವಶೇಷಗಳನ್ನು ಗುರುತಿಸಿದರು. ನಗರದ ಕಲ್ಲುಗಳಲ್ಲಿ ಬಹುಪಾಲನ್ನು ನಂತರದ ಕಾಲದವರು ಕಿತ್ತೊಯ್ದಿದ್ದರು.

ಉಳಿದದ್ದು ಊರಿನವರು ಹೊರವಲಯದಲ್ಲಿ ಸುರಿದ ಕಸ. ಮಳೆಯಿಲ್ಲದ ಹವೆ, ನೈಲ್ ಪ್ರವಾಹಕ್ಕೆ ಎಟುಕದ ನೆಲ ಇವುಗಳಿಂದಾಗಿ ಆ ದಿಬ್ಬಗಳಲ್ಲಿ ಪಪೈರಸ್ ಹಾಳೆಗಳು ಕೊಳೆಯಲಿಲ್ಲ. 1896ರಿಂದ 1907ರವರೆಗೆ ಗ್ರೆನ್‌ಫೆಲ್ ಮತ್ತು ಹಂಟ್ ಎಂಬ ವಿದ್ವಾಂಸರು ಅವುಗಳನ್ನು ಅಗೆದು ತೆಗೆದರು. ತೆರಿಗೆ ರಸೀದಿ, ಗೇಣಿಪತ್ರ, ಖಾಸಗಿ ಓಲೆಗಳೊಂದಿಗೆ ಸ್ಯಾಫೋ ಕವಯಿತ್ರಿಯ ಕವಿತೆಗಳ ತುಣುಕುಗಳೂ ದೊರೆತವು.

ಅವುಗಳಲ್ಲಿ 413ನೆಯ ಸಂಖ್ಯೆಯ ಪಪೈರಸ್ ಕನ್ನಡಿಗರಿಗೆ ವಿಶೇಷವಾದುದು. 1903ರಲ್ಲಿ ಪ್ರಕಟವಾದ, ಕ್ರಿ.ಶ. 2ನೆಯ ಶತಮಾನದ್ದೆನ್ನಲಾದ ಈ ಪ್ರಹಸನದಲ್ಲಿ ಭಾರತದ ಕರಾವಳಿಯಲ್ಲಿ ಸೆರೆಯಾದ ಚಾರಿಟಿಯನ್ ಎಂಬ ಗ್ರೀಕ್ ತರುಣಿಯನ್ನು ಆಕೆಯ ಸೋದರನೂ ಸಂಗಡಿಗರೂ ಅಲ್ಲಿನ ರಾಜನಿಗೆ ಮದ್ಯ ಕುಡಿಸಿ ಪಾರುಮಾಡುತ್ತಾರೆ. ರಾಜ ಮತ್ತು ಅವನ ಪರಿವಾರದವರ ಕೆಲವು ಮಾತುಗಳು ಗ್ರೀಕ್ ಲಿಪಿಯಲ್ಲಿದ್ದರೂ ಗ್ರೀಕ್ ಭಾಷೆಯವಲ್ಲ. 1904ರಲ್ಲಿ ಶಾಸನತಜ್ಞ ಹುಲ್ಟ್ಸ್ ಅವುಗಳಲ್ಲಿ ಕನ್ನಡವನ್ನು ಗುರುತಿಸಿದರು. ಆರ್. ಶಾಮಶಾಸ್ತ್ರಿ, ಎಂ. ಗೋವಿಂದ ಪೈ ಮೊದಲಾದವರು ಚರ್ಚೆಯನ್ನು ಮುಂದುವರಿಸಿದರು. 1926ರಲ್ಲಿ ಬಾರ್ನೆಟ್ ಈ ವಾದವನ್ನು ಒಪ್ಪಲಿಲ್ಲ. ಮುಂದೆ ಅದು ತುಳುವೆಂಬ ಅಭಿಪ್ರಾಯವೂ ಬಂದಿತು.

ಈ ಭಿನ್ನಾಭಿಪ್ರಾಯಕ್ಕೆ ಕಾರಣಗಳಿವೆ. ಹಾಳೆ ಅಲ್ಲಲ್ಲಿ ಹರಿದಿದೆ. ಪದಗಳ ನಡುವೆ ಬಿಡುವಿಲ್ಲ. ಗ್ರೀಕ್ ಲಿಪಿಯಲ್ಲಿ ಟ, ಡ, ಳ, ಣಗಳಿಗೆ ಪ್ರತ್ಯೇಕ ಸಂಕೇತಗಳಿಲ್ಲ. ನಗೆಗಾಗಿ ಹೆಣೆದ ಅರ್ಥಶೂನ್ಯ ಶಬ್ದಗಳೂ ಇರಬಹುದು. ಹೋಲಿಕೆಗೆ ಸಮಕಾಲೀನ ಕನ್ನಡ ಪಠ್ಯವೂ ಇಲ್ಲ: ಹಲ್ಮಿಡಿ ಶಾಸನದ ಕಾಲವೇ ಸುಮಾರು ಕ್ರಿ.ಶ. 450.

ಆದುದರಿಂದ ಈ ಪಪೈರಸ್ಸನ್ನು ಕನ್ನಡದ ಪ್ರಾಚೀನತೆಗೆ ನಿರ್ಣಾಯಕ ಪ್ರಮಾಣವೆಂದು ಸಾರುವುದು ಅವಸರವಾದೀತು. ಭಾರತದ ಕರಾವಳಿಯನ್ನು ಗ್ರೀಕ್ ರಂಗಭೂಮಿ ಬಲ್ಲದಾಗಿತ್ತೆಂಬುದಂತೂ ನಿಸ್ಸಂದೇಹ. ಕನ್ನಡದ ಪ್ರಶ್ನೆಯನ್ನು ಅಭಿಮಾನವು ಎತ್ತಬಹುದು. ಉತ್ತರವನ್ನು ಮಾತ್ರ ಆ ಹರಿದ ಹಾಳೆಯ ಅಕ್ಷರಗಳಿಂದಲೇ ಪಡೆಯಬೇಕು.