ಟೈಪ್ ಸರಿಯಿದ್ದರೆ ಕೋಡ್ ಸುರಕ್ಷಿತವೇ?

ಕೋಡಿಂಗ್ ಕಲಿಸುವ ಹಲವು ತಾಣಗಳಲ್ಲಿ ನಾವು ‘ರನ್’ ಒತ್ತಿದಾಗ ಕೋಡ್ ಓಡುವುದು ನಮ್ಮ ಕಂಪ್ಯೂಟರ್‌ನಲ್ಲಲ್ಲ, ದೂರದ ಸರ್ವರ್‌ನಲ್ಲಿ. ಹೀಗೆ ಬೇರೆಯವರ ಕೋಡನ್ನು ಓಡಿಸಿಕೊಡುವ ಮುಕ್ತ ತಂತ್ರಾಂಶಗಳಲ್ಲಿ ‘ಜಡ್ಜ್ ಝೀರೋ’ ಒಂದು. ಇಂಥ ಸೇವೆಯನ್ನು ಟೈಪ್‌ಸ್ಕ್ರಿಪ್ಟ್ ಲೈಬ್ರರಿಯ ಮೂಲಕ ಬಳಸಿದರೆ ಎಲ್ಲವೂ ಸುರಕ್ಷಿತ ಎಂದು ಹೊಸಬರು ನಂಬುವುದುಂಟು. ಇದು ಅರ್ಧ ನಿಜ.

ಮೊದಲು ನಿಜವಾದ ಅರ್ಧ ನೋಡೋಣ. ಕೋಡನ್ನೂ ಭಾಷೆಯ ಸಂಖ್ಯೆಯನ್ನೂ ಕಳಿಸಿದರೆ ಸೇವೆ ಒಂದು ಟೋಕನ್ ಕೊಡುತ್ತದೆ. ಅದನ್ನು ತೋರಿಸಿ ಫಲಿತಾಂಶ ಕೇಳಬೇಕು. ಅದರಲ್ಲಿ ಕೋಡ್ ಓಡಲು ಹಿಡಿದ ಸಮಯವೂ ಇರುತ್ತದೆ, ಆದರೆ ಸಂಖ್ಯೆಯಾಗಿ ಅಲ್ಲ, ಅಕ್ಷರಗಳ ಸಾಲಾಗಿ. ಎರಡು ಪರೀಕ್ಷೆಗಳ ‘0.5’ ಮತ್ತು ‘0.5’ ಕೂಡಿಸಲು ಹೋದರೆ ಜಾವಾಸ್ಕ್ರಿಪ್ಟ್ ತುಟಿಪಿಟಕ್ಕೆನ್ನದೆ ‘0.50.5’ ಎಂದು ಅಂಟಿಸಿಬಿಡುತ್ತದೆ! ಮೊತ್ತ ಸಂಖ್ಯೆಯಾಗಿರಬೇಕು ಎಂದು ಟೈಪ್ ಬರೆದಿದ್ದರೆ, ಬರೆಯುವಾಗಲೇ ಎಡಿಟರ್ ಕೆಂಪು ಗೆರೆ ಎಳೆಯುತ್ತದೆ. ಕೋಡ್ ಕಂಪೈಲ್ ಆಗದಿದ್ದಾಗ ಔಟ್‌ಪುಟ್ ಖಾಲಿ ಬರುತ್ತದೆ ಎಂಬುದನ್ನೂ ಒಳ್ಳೆಯ ಲೈಬ್ರರಿ ನೆನಪಿಸುತ್ತದೆ.

ಆದರೆ ಪೈಥಾನ್‌ಗೆ 71 ಬರೆಯುವ ಬದಲು 72 ಬರೆದರೆ? ಅದು ರೂಬಿ ಭಾಷೆಯ ಸಂಖ್ಯೆ. ಎರಡೂ ಸಂಖ್ಯೆಗಳೇ, ಹಾಗಾಗಿ ಟೈಪ್ ಸುಮ್ಮನಿರುತ್ತದೆ. (ಒಂದು ಸಾಲಿನ ಪ್ರಿಂಟ್ ಎರಡರಲ್ಲೂ ಓಡುವುದರಿಂದ ತಪ್ಪು ತಕ್ಷಣ ಕಾಣುವುದೂ ಇಲ್ಲ.) ಇನ್ನೊಂದು ಮಾತು: ಟೈಪ್‌ಸ್ಕ್ರಿಪ್ಟ್‌ನ ಟೈಪ್‌ಗಳು ಕಂಪೈಲ್ ಆದ ಮೇಲೆ ಅಳಿಸಿಹೋಗುತ್ತವೆ. ಸರ್ವರ್ ನಾಳೆ ಉತ್ತರದ ರೂಪ ಬದಲಿಸಿದರೆ ಅದನ್ನು ತಡೆಯಲು ಅಲ್ಲಿ ಯಾರೂ ಇರುವುದಿಲ್ಲ. ಬಂದ ಉತ್ತರವನ್ನು ಓಡುವಾಗಲೂ ಪರೀಕ್ಷಿಸುವ ಕೋಡನ್ನು ನಾವೇ ಬರೆಯಬೇಕು.

ಸುರಕ್ಷತೆಯ ಕೆಲಸವಂತೂ ಪೂರ್ತಿ ಬೇರೆಯವರದ್ದು. ಟೈಪ್ ನೋಡುವುದು ಲಕೋಟೆಯನ್ನು ಮಾತ್ರ. ಒಳಗಿನ ಕೋಡ್ ಫೈಲ್ ಅಳಿಸುತ್ತದೋ, ಕೊನೆಯಿಲ್ಲದೆ ಸುತ್ತುತ್ತದೋ ಅದಕ್ಕೆ ತಿಳಿಯದು. ಅದನ್ನು ಹಿಡಿದಿಡುವುದು ಸರ್ವರ್‌ನಲ್ಲಿರುವ ಸ್ಯಾಂಡ್‌ಬಾಕ್ಸ್. ಜಡ್ಜ್ ಝೀರೋ ಇದಕ್ಕೆ ಬಳಸುವುದು ‘ಐಸೊಲೇಟ್’ ಎಂಬ ತಂತ್ರಾಂಶ. ಅದು ಸಮಯ, ಮೆಮೊರಿಗೆ ಮಿತಿ ಹಾಕಿ ಕೋಡನ್ನು ಪ್ರತ್ಯೇಕ ಕೋಣೆಯಲ್ಲಿ ಕೂಡಿಹಾಕುತ್ತದೆ.

ಆ ಗೋಡೆಯಲ್ಲೂ ಬಿರುಕು ಬರಬಹುದು. 2024ರಲ್ಲಿ ಜಡ್ಜ್ ಝೀರೋದಲ್ಲಿ ಗಂಭೀರ ದೋಷಗಳು ಬಹಿರಂಗವಾದವು. ಸ್ಯಾಂಡ್‌ಬಾಕ್ಸ್‌ನ ಫೋಲ್ಡರ್‌ನಲ್ಲಿ ಹೊರಗಿನ ಫೈಲ್‌ಗೆ ಬೊಟ್ಟು ಮಾಡುವ ಕೊಂಡಿಯನ್ನಿಟ್ಟು, ಅದರ ಮೂಲಕ ಹೊರಗೆ ಬರೆಯಲು ಸಾಧ್ಯವಿತ್ತು. ಆ ಕೋಡನ್ನು ಹೊತ್ತು ಬಂದ ಕೋರಿಕೆಯಲ್ಲಿ ಪ್ರತಿಯೊಂದು ಟೈಪೂ ಸರಿಯಾಗಿಯೇ ಇರಬಹುದಿತ್ತು. 1.13.1 ಆವೃತ್ತಿಯಲ್ಲಿ ಇದನ್ನು ಸರಿಪಡಿಸಲಾಯಿತು. ನಿಮ್ಮ ಕಾಲೇಜು ಅಥವಾ ಕಚೇರಿಯಲ್ಲಿ ಇದನ್ನು ಸ್ವಂತ ಸರ್ವರ್‌ನಲ್ಲಿ ಹಾಕಿಕೊಂಡಿದ್ದರೆ, ಲೈಬ್ರರಿಗಿಂತ ಮೊದಲು ಸರ್ವರ್‌ನ ಆವೃತ್ತಿ ನೋಡಿ.