ಫೋನಿನ ಹವಾಮಾನವೂ ತೋಟದ ಮಳೆಯೂ

ನಮ್ಮ ಸದಸ್ಯ ಬಾಂಧವರಲ್ಲಿ ಹಲವರು ಈಚೆಗೆ ಫೋನಿನೊಡನೆಯೇ ಬರುವ ಹವಾಮಾನದ ಆಪನ್ನು ಬಿಟ್ಟು ‘ವಿಂಡಿ’, ‘ಮೇಘದೂತ’ಗಳ ಕಡೆ ತಿರುಗಿದ್ದಾರೆ. ಕಾರಣವಿಲ್ಲದೆ ಅಲ್ಲ. ಫೋನಿನ ಆಪು ‘ಮಳೆ ಶೇಕಡಾ 60’ ಎಂದು ಒಂದೇ ಮಾತು ಹೇಳಿ ಸುಮ್ಮನಾಗುತ್ತದೆ. ವಿಂಡಿಯಲ್ಲಾದರೋ ಯುರೋಪಿನ ಕೇಂದ್ರದ ಲೆಕ್ಕವನ್ನೂ ಅಮೆರಿಕದ ಲೆಕ್ಕವನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಬಹುದು. ಎರಡೂ ಒಣಹವೆ ಎಂದರೆ ಬೋರ್ಡೋ ದ್ರಾವಣ ತಯಾರಿಸಲು ಧೈರ್ಯ ಬರುತ್ತದೆ. ಒಂದಕ್ಕೊಂದು ತಾಳೆಯಾಗದಿದ್ದರೆ ಸುಣ್ಣ, ಮೈಲುತುತ್ತು ಚೀಲದಲ್ಲೇ ಇರಲಿ. ಕೊಳೆರೋಗದ ಕಾಲದಲ್ಲಿ ಕೊನೆಗಾರ ಸಿಗುವುದೇ ಕಷ್ಟ. ಸಿಕ್ಕ ದಿನ ಹೊಡೆದ ಮದ್ದು ಆರುವ ಮೊದಲೇ ಮಳೆಗೆ ತೊಳೆದುಹೋದರೆ ಕೂಲಿಯೂ ದಂಡ, ಮದ್ದೂ ದಂಡ.

ಆದರೆ ಯುರೋಪಿನ ಲೆಕ್ಕದ ಒಂದೊಂದು ಚೌಕವೂ ಸುಮಾರು 9 ಕಿಲೋಮೀಟರ್ ಅಗಲ. ನಮ್ಮ ಮಲೆನಾಡಿನಲ್ಲಿ ಅಷ್ಟರೊಳಗೇ ಗುಡ್ಡದ ಈಚೆ ಮಳೆ, ಆಚೆ ಬಿಸಿಲು! ಹಾಗಾಗಿ 2019ರಲ್ಲಿ ಬಂದ, ಭಾರತ ಹವಾಮಾನ ಇಲಾಖೆಯೂ ಸೇರಿ ರೂಪಿಸಿದ ಮೇಘದೂತದ ಜಿಲ್ಲಾ ಸಲಹೆಯನ್ನೂ ಓದತಕ್ಕದ್ದು. ನಿಜವಾಗಿ ಬಿದ್ದ ಮಳೆಗೆ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಪಂಚಾಯಿತಿವಾರು ಮಳೆಮಾಪಕದ ಅಂಕಿಯೇ ಲೇಸು. ರೊಬಸ್ಟಾ ಬೆಳೆಗಾರರು ಹೂವಿಗೆ ಸ್ಪ್ರಿಂಕ್ಲರ್ ಹಚ್ಚುವ ಮೊದಲು ಇವನ್ನೆಲ್ಲ ಒಮ್ಮೆ ನೋಡಿದರೆ, ನಾವು ಕಂಡಂತೆ, ಡೀಸೆಲ್ಲಾದರೂ ಉಳಿದೀತು.