ಕಿರುಮಾದರಿಯ ಶಂಟಿಂಗ್ ಎಂಜಿನ್ನುಗಳು

ರೈಲುಗಾಡಿಯ ಕಿರುಮಾದರಿಯೆಂದೊಡನೆ ನಮ್ಮಲ್ಲಿ ಅನೇಕರಿಗೆ ಮಕ್ಕಳ ಆಟಿಕೆ ನೆನಪಾಗುವುದು ಸಹಜ. ಕೀಲಿ ಕೊಟ್ಟು ಬಿಟ್ಟರೆ ದುಂಡನೆಯ ಹಳಿಯ ಮೇಲೆ ಗಿರಗಿರನೆ ಸುತ್ತುವ ತಗಡಿನ ಬಂಡಿ ಅದು. ಆದರೆ ಅಮೆರಿಕ, ಇಂಗ್ಲೆಂಡು, ಜರ್ಮನಿ, ಜಪಾನು ಮೊದಲಾದ ದೇಶಗಳಲ್ಲಿ ಈ ವಸ್ತುವೇ ವಯಸ್ಕರ ಗಂಭೀರವಾದ ಹವ್ಯಾಸವಾಗಿ ಬೆಳೆದಿದೆ. ಅಮೆರಿಕದ ಮಿಲ್ವಾಕಿ ನಗರದಲ್ಲಿ 1935ರಷ್ಟು ಹಿಂದೆಯೇ ಇಂತಹ ಹವ್ಯಾಸಿಗಳ ರಾಷ್ಟ್ರೀಯ ಸಂಘವೊಂದು ಸ್ಥಾಪಿತವಾಯಿತು. ಯಾರು ಮಾಡಿದ ಬಂಡಿಯಾದರೂ ಯಾರ ಹಳಿಯ ಮೇಲಾದರೂ ಓಡಬೇಕೆಂಬ ಉದ್ದೇಶದಿಂದ ಚಕ್ರ ಮತ್ತು ಹಳಿಗಳ ಅಳತೆಗಳನ್ನು ಗೊತ್ತುಪಡಿಸುವ ಕಾರ್ಯವನ್ನು ಅದು ಕೈಕೊಂಡಿತು.

ಈ ಹವ್ಯಾಸಿಗಳ ಬಹುಕಾಲದ ಬೇಡಿಕೆಯೊಂದುಂಟು. ಹಳೆಯ ಕಾಲದ ಡೀಸೆಲ್ ಶಂಟಿಂಗ್ ಎಂಜಿನ್ನುಗಳ ಒಳ್ಳೆಯ ಮಾದರಿಗಳು, ಅದರಲ್ಲಿಯೂ ಅತಿ ಚಿಕ್ಕ ಪ್ರಮಾಣದಲ್ಲಿ, ತಮಗೆ ದೊರೆಯಬೇಕೆಂಬುದೇ ಆ ಬೇಡಿಕೆ. ಮೂರು ಸಾವಿರ ಅಶ್ವಶಕ್ತಿಯ ಭಾರಿ ಎಂಜಿನ್ನಿನ ಸೊಗಸಾದ ಮಾದರಿ ಅಂಗಡಿಯಲ್ಲಿ ಸುಲಭವಾಗಿ ಸಿಕ್ಕುವಾಗ, ಅದರ ಅರ್ಧದಷ್ಟೂ ಇಲ್ಲದ ಪುಟ್ಟ ಎಂಜಿನ್ನಿನ ಮಾದರಿಗೆ ಇಷ್ಟು ತೊಡಕೇಕೆ? ಈ ಪ್ರಶ್ನೆಗೆ ಉತ್ತರ ಹುಡುಕಹೊರಟರೆ ಚರಿತ್ರೆ, ಗಣಿತ, ಭೌತಶಾಸ್ತ್ರ ಮೂರೂ ನಮ್ಮ ದಾರಿಯಲ್ಲಿ ಎದುರಾಗುತ್ತವೆ.

ಶಂಟಿಂಗ್ ಎಂದರೇನೆಂಬುದನ್ನು ನಮ್ಮ ಸೀಮೆಯ ವಾಚಕರಿಗೆ ವಿಸ್ತಾರವಾಗಿ ವಿವರಿಸಬೇಕಾಗಿಲ್ಲ. ಗುಂತಕಲ್ಲು ಜಂಕ್ಷನ್ನಿನಲ್ಲಿ ಗಾಡಿ ಬದಲಾಯಿಸಿದವರೆಲ್ಲರೂ ಈ ಶಬ್ದವನ್ನು ಬಲ್ಲರು. ಊರಿಂದೂರಿಗೆ ಗಾಡಿಯನ್ನೆಳೆಯುವ ಎಂಜಿನ್ನು ಬೇರೆ. ಯಾರ್ಡಿನೊಳಗೇ ಇದ್ದುಕೊಂಡು ವ್ಯಾಗನ್ನುಗಳನ್ನು ಬಿಡಿಸಿ, ಜೋಡಿಸಿ, ತಕ್ಕ ಹಳಿಗೆ ತಳ್ಳಿ, ಗಾಡಿಯನ್ನು ಕಟ್ಟಿಕೊಡುವ ಎಂಜಿನ್ನು ಬೇರೆ. ಮೊದಲನೆಯದಕ್ಕೆ ವೇಗ ಬೇಕು. ಎರಡನೆಯದಕ್ಕೆ ನಿಧಾನ ಬೇಕು. ಮೊದಲನೆಯದನ್ನು ಪ್ರಯಾಣಿಕರು ನೋಡುತ್ತಾರೆ. ಎರಡನೆಯದನ್ನು ಸಾಮಾನ್ಯವಾಗಿ ಯಾರೂ ಗಮನಿಸುವುದಿಲ್ಲ.

ಆದರೂ ಅಮೆರಿಕದಲ್ಲಿ ಡೀಸೆಲ್ ಯುಗ ಆರಂಭವಾದದ್ದು ಈ ಯಾರು ಗಮನಿಸದ ಕೆಲಸಗಾರನಿಂದಲೇ. ಉಗಿಯೆಂಜಿನ್ನುಗಳ ಹೊಗೆಯಿಂದ ಬೇಸತ್ತ ನ್ಯೂಯಾರ್ಕ್ ರಾಜ್ಯವು 1923ರಲ್ಲಿ ಒಂದು ಕಾಯಿದೆ ಮಾಡಿ, ನ್ಯೂಯಾರ್ಕ್ ನಗರದೊಳಗೆ ಅವುಗಳ ಬಳಕೆಯನ್ನು ನಿಷೇಧಿಸಲು ಹೊರಟಿತು. ನಗರದ ಬ್ರಾಂಕ್ಸ್ ಭಾಗದಲ್ಲಿದ್ದ ಒಂದು ಚಿಕ್ಕ ಸರಕು ಯಾರ್ಡಿಗಾಗಿ ನ್ಯೂಜೆರ್ಸಿಯ ಸೆಂಟ್ರಲ್ ರೈಲ್ವೆಯು 1925ರಲ್ಲಿ 60 ಟನ್ ತೂಕದ, 300 ಅಶ್ವಶಕ್ತಿಯ ಡೀಸೆಲ್ ಎಂಜಿನ್ನೊಂದನ್ನು ಕೊಂಡಿತು. ಪೆಟ್ಟಿಗೆಯಾಕಾರದ ಈ ಎಂಜಿನ್ನಿನ ಸಂಖ್ಯೆ 1000. ಆಲ್ಕೋ, ಜನರಲ್ ಎಲೆಕ್ಟ್ರಿಕ್, ಇಂಗರ್‌ಸಾಲ್-ರ‍್ಯಾಂಡ್ ಎಂಬ ಮೂರು ಸಂಸ್ಥೆಗಳು ಕೂಡಿ ನಿರ್ಮಿಸಿದ ಅದು 1957ರವರೆಗೆ ದುಡಿದು, ಇಂದು ಬಾಲ್ಟಿಮೋರಿನ ರೈಲ್ವೆ ವಸ್ತುಸಂಗ್ರಹಾಲಯದಲ್ಲಿ ವಿಶ್ರಮಿಸುತ್ತಿದೆ.

ಮುಂದಿನ ಮೂವತ್ತು ವರ್ಷಗಳಲ್ಲಿ ಈ ಜಾತಿಯ ಎಂಜಿನ್ನುಗಳು ನಾನಾ ಬಗೆಯಾಗಿ ಕವಲೊಡೆದುವು. ಜನರಲ್ ಮೋಟಾರ್ಸ್‌ನವರ 1000 ಅಶ್ವಶಕ್ತಿಯ ಎನ್‌ಡಬ್ಲ್ಯು-2 ಎಂಬುದು 1939ರಿಂದ 1949ರವರೆಗೆ ತಯಾರಾಯಿತು. ಬಾಲ್ಡ್‌ವಿನ್ ಸಂಸ್ಥೆಯ ವಿಓ-1000 ಎಂಬುದು 1939ರಿಂದ 1946ರವರೆಗೆ. ಆಲ್ಕೋ ಸಂಸ್ಥೆಯ ಎಸ್-1 ಮತ್ತು ಎಸ್-2 ಎಂಬುವು 1940ರಿಂದ 1950ರವರೆಗೆ. ಜನರಲ್ ಎಲೆಕ್ಟ್ರಿಕ್ ಸಂಸ್ಥೆಯ 44 ಟನ್ನಿನ ಎಂಜಿನ್ನಿನ ಹುಟ್ಟು ಇನ್ನೂ ಸ್ವಾರಸ್ಯವಾದುದು. 90,000 ಪೌಂಡು ಅಥವಾ ಅದಕ್ಕಿಂತ ಹೆಚ್ಚು ತೂಗುವ ಡೀಸೆಲ್ ಎಂಜಿನ್ನಿನಲ್ಲಿ ಚಾಲಕನ ಜೊತೆಗೆ ಫೈರ್‌ಮನ್ನನೂ ಇರತಕ್ಕದ್ದೆಂದು ಅಲ್ಲಿಯ ರೈಲ್ವೆಗಳಿಗೂ ಕಾರ್ಮಿಕ ಸಂಘಗಳಿಗೂ 1937ರಲ್ಲಿ ಒಪ್ಪಂದವಾಯಿತು. ಅಮೆರಿಕದ ಟನ್ನು 2,000 ಪೌಂಡಿನದು. ಆದುದರಿಂದ 44 ಟನ್ನೆಂದರೆ 88,000 ಪೌಂಡು. ಒಬ್ಬನೇ ಚಾಲಕನಿಂದ ನಡೆಸಲು ಸಾಧ್ಯವಾಗಲೆಂದೇ ಈ ತೂಕವನ್ನು ಲೆಕ್ಕ ಹಾಕಿ ಇಟ್ಟರು. ನಡುವೆ ಚಾಲಕನ ಕೋಣೆ, ಎರಡು ಕಡೆಗೂ ತಗ್ಗಾದ ಎಂಜಿನ್ ಗೂಡುಗಳು ಇರುವ ಈ ಎಂಜಿನ್ನಿನ ಆಕಾರದಲ್ಲಿ ಒಂದು ಕಾರ್ಮಿಕ ಒಪ್ಪಂದವೇ ಅಡಗಿದೆಯೆನ್ನಬಹುದು.

ಇವುಗಳನ್ನು ಕಟ್ಟಿದ ಕಾರ್ಖಾನೆಗಳಲ್ಲಿ ಹಲವು ಇಂದಿಲ್ಲ. ಬಾಲ್ಡ್‌ವಿನ್ ಪರಂಪರೆಯವರು 1956ರಲ್ಲಿ ಎಂಜಿನ್ ನಿರ್ಮಾಣವನ್ನು ಕೈಬಿಟ್ಟರು. ಸ್ಕೆನೆಕ್ಟಡಿಯ ಆಲ್ಕೋ ಸಂಸ್ಥೆ 1969ರಲ್ಲಿ ಬಾಗಿಲು ಮುಚ್ಚಿತು. ಈ ಆಲ್ಕೋ ನಮಗೆ ತೀರ ಅಪರಿಚಿತವಲ್ಲ. ವಾರಾಣಸಿಯ ಡೀಸೆಲ್ ಎಂಜಿನ್ ಕಾರ್ಖಾನೆಯಿಂದ 1964ರಲ್ಲಿ ಹೊರಬಂದ ಮೊದಲ ಎಂಜಿನ್ನು ಆಲ್ಕೋದವರ ವಿನ್ಯಾಸದ್ದೇ ಆಗಿತ್ತು. ಶಂಟಿಂಗ್ ಎಂಜಿನ್ನುಗಳಲ್ಲಿ ಬಹುಪಾಲು ಗುಜರಿಗೆ ಹೋಗಿ ಕರಗಿಹೋದುವು. ಅವುಗಳ ರೂಪವನ್ನು ಮೂರು ಆಯಾಮಗಳಲ್ಲಿ ಉಳಿಸಿಕೊಡುವ ಕೆಲಸ ಹೆಚ್ಚಾಗಿ ಹವ್ಯಾಸಿಗಳ ಪಾಲಿಗೆ ಬಂದಿದೆ.

ಹವ್ಯಾಸಿಗೆ ಶಂಟಿಂಗ್ ಎಂಜಿನ್ನು ಬೇಕಾಗುವುದಕ್ಕೆ ಸ್ಮರಣೆಯೊಂದೇ ಕಾರಣವಲ್ಲ. ಸ್ಥಳಾಭಾವವೂ ಒಂದು ಕಾರಣ. ನೂರು ವ್ಯಾಗನ್ನುಗಳ ಗೂಡ್ಸ್ ಗಾಡಿಯನ್ನು ಓಡಿಸುವಷ್ಟು ದೊಡ್ಡ ಕೋಣೆ ಎಷ್ಟು ಮಂದಿಗಿದ್ದೀತು? ಒಂದು ಪುಸ್ತಕದ ಹಲಗೆಯಷ್ಟು ಜಾಗದಲ್ಲಿ ಯಾರ್ಡನ್ನು ಕಟ್ಟಿದರೆ ಮಾತ್ರ ಅಲ್ಲಿ ದಿನವೂ ಮಾಡಲು ಕೆಲಸವಿರುತ್ತದೆ. ಇಂಗ್ಲೆಂಡಿನ ಅಲನ್ ರೈಟ್ ಎಂಬವರು ಪ್ರಸಿದ್ಧಿಗೆ ತಂದ ‘ಇಂಗಲ್‌ನುಕ್’ ಎಂಬ ಒಗಟನ್ನು ನೋಡಬಹುದು. ಅದರಲ್ಲಿ ಮೂರು ಕವಲುಹಳಿಗಳು. ಒಂದರಲ್ಲಿ 5 ವ್ಯಾಗನ್ನುಗಳಿಗೆ ಸ್ಥಳ, ಉಳಿದೆರಡರಲ್ಲಿ ಮೂರು ಮೂರಕ್ಕೆ ಸ್ಥಳ. ಒಟ್ಟು ವ್ಯಾಗನ್ನುಗಳು 8. ಚೀಟಿಯೆತ್ತಿ ಬಂದ 5 ವ್ಯಾಗನ್ನುಗಳನ್ನು, ಬಂದ ಕ್ರಮದಲ್ಲಿಯೇ, ಒಂದು ಗಾಡಿಯಾಗಿ ಕಟ್ಟಬೇಕು. 8 ವಸ್ತುಗಳಿಂದ 5ನ್ನು ಕ್ರಮವಾಗಿ ಆರಿಸುವ ವಿಧಗಳೆಷ್ಟೆಂಬುದನ್ನು ನಮ್ಮ ಮೇಲಿನ ತರಗತಿಯ ವಿದ್ಯಾರ್ಥಿಗಳು ಲೆಕ್ಕ ಮಾಡಬಲ್ಲರು: 8ನ್ನು 7, 6, 5, 4ರಿಂದ ಒಂದಾದ ಮೇಲೊಂದರಂತೆ ಗುಣಿಸಿದರೆ 6,720. ಹಲಗೆಯೊಂದರ ಮೇಲೆ ಇಷ್ಟು ಬಗೆಯ ಕೆಲಸ! ಆದರೆ ಈ ಕೆಲಸವನ್ನು ಮಾಡಬೇಕಾದುದು ಒಂದೇ ಒಂದು ಪುಟ್ಟ ಎಂಜಿನ್ನು. ಅದು ತಡವರಿಸಿದರೆ, ನಡುವೆ ನಿಂತರೆ, ಆಟವೇ ಕೆಟ್ಟಿತು.

ಈಗ ಅಳತೆಯ ವಿಚಾರಕ್ಕೆ ಬರೋಣ. ಕಿರುಮಾದರಿಗಳಿಗೆ ನಿಯತವಾದ ಪ್ರಮಾಣಗಳುಂಟು. ಹೆಚ್ಚು ಬಳಕೆಯಲ್ಲಿರುವ ‘ಎಚ್‌ಓ’ ಎಂಬ ಪ್ರಮಾಣದಲ್ಲಿ ಮಾದರಿಯು ಮೂಲದ 87ನೆಯ ಒಂದು ಭಾಗ. ಹಳಿಗಳ ನಡುವಣ ಅಂತರ 16.5 ಮಿಲಿಮೀಟರು. 1960ರ ದಶಕದ ಆರಂಭದಲ್ಲಿ ಜರ್ಮನಿಯ ಆರ್ನಲ್ಡ್ ಸಂಸ್ಥೆಯ ಮೂಲಕ ಹರಡತೊಡಗಿದ ‘ಎನ್’ ಪ್ರಮಾಣದಲ್ಲಿ ಹಳಿಯಗಲ ಕೇವಲ 9 ಮಿಲಿಮೀಟರು. ಅಮೆರಿಕದ ಮಾದರಿಗಳು ಮೂಲದ 160ನೆಯ ಒಂದು ಭಾಗ. ಸುಮಾರು 33 ಅಡಿ 5 ಅಂಗುಲ ಉದ್ದದ 44 ಟನ್ನಿನ ಎಂಜಿನ್ನು ಎಚ್‌ಓದಲ್ಲಿ 117 ಮಿಲಿಮೀಟರಾಗುತ್ತದೆ. ಎನ್‌ನಲ್ಲಿ ಸುಮಾರು 64 ಮಿಲಿಮೀಟರು, ಎಂದರೆ ಕಿರುಬೆರಳಿನಷ್ಟು.

ಉದ್ದಕ್ಕಿಂತ ಅಗಲದ್ದೇ ಹೆಚ್ಚಿನ ತೊಂದರೆ. ಶಂಟಿಂಗ್ ಎಂಜಿನ್ನಿನ ಗೂಡು ಬಂಡಿಯ ಪೂರ್ಣ ಅಗಲಕ್ಕೆ ಇರುವುದಿಲ್ಲ. ಚಾಲಕನಿಗೆ ಮುಂದಿನ ಹಳಿ ಕಾಣಬೇಕು, ಕೆಲಸಗಾರರು ಎರಡು ಪಕ್ಕಗಳಲ್ಲಿಯೂ ನಡೆದಾಡಬೇಕು. ಗೂಡಿನ ಅಗಲ 6 ಅಡಿಯೆಂದಿಟ್ಟುಕೊಂಡರೆ ಎನ್ ಪ್ರಮಾಣದಲ್ಲಿ ಅದು ಹನ್ನೊಂದೂವರೆ ಮಿಲಿಮೀಟರಿಗೂ ಕಡಮೆ. ಈ ಸಂದಿಯಲ್ಲಿ ಮೋಟಾರು ಕೂರಬೇಕು, ಗೇರುಗಳು ಕೂರಬೇಕು, ಗಣಕಸಂಕೇತವನ್ನು ಗ್ರಹಿಸಿ ವೇಗವನ್ನು ನಿಯಂತ್ರಿಸುವ ವಿದ್ಯುತ್ಫಲಕವೂ ಕೂರಬೇಕು. ಹಿಂದೆ ಕ್ಯಾಲಿಫೋರ್ನಿಯದ ಅಥರ್ನ್ ಸಂಸ್ಥೆಯು ಎಚ್‌ಓದಲ್ಲಿ ಹೊರತಂದ ಕೆಲವು ಜನಪ್ರಿಯ ಡೀಸೆಲ್ ಎಂಜಿನ್ನುಗಳಲ್ಲಿ ಮೋಟಾರು ಹಿಡಿಸಲೆಂದು ಗೂಡನ್ನೇ ಅಳತೆಗೆ ಮೀರಿ ಅಗಲಿಸಿದ್ದುಂಟು. ಅಂಗಿಗೆ ತಕ್ಕಂತೆ ಮೈಯನ್ನು ಕೊಬ್ಬಿಸಿದಂತಾಯಿತು ಅದು. ಬೆಲೆ ಅಗ್ಗವೆಂದು ಆ ಕಾಲದವರು ಸಹಿಸಿದರು; ಇಂದಿನವರು ಸಹಿಸಲೊಲ್ಲರು.

ಎರಡನೆಯ ತೊಂದರೆ ತೂಕದ್ದು. ಉದ್ದವು 160ರಲ್ಲಿ ಒಂದು ಪಾಲಾದಾಗ ಗಾತ್ರವು 160ರ ಘನದಲ್ಲಿ, ಎಂದರೆ 40,96,000ದಲ್ಲಿ, ಒಂದು ಪಾಲಾಗುತ್ತದೆ. ಆದುದರಿಂದ 100 ಮೆಟ್ರಿಕ್ ಟನ್ ತೂಗುವ ಎಂಜಿನ್ನು ಈ ಲೆಕ್ಕದಲ್ಲಿ ಕೇವಲ 24 ಗ್ರಾಂ ತೂಗಬೇಕು. ಎಂಜಿನ್ನಿಗೆ ಹಳಿಯ ಮೇಲೆ ಹಿಡಿತ ದೊರೆಯುವುದು ತೂಕದಿಂದ. ಹಳಿಯಿಂದ ಚಕ್ರಕ್ಕೆ ವಿದ್ಯುತ್ತು ಸರಿಯಾಗಿ ಹರಿಯಲು ಬೇಕಾದ ಒತ್ತಡವೂ ತೂಕದಿಂದಲೇ. ಎಂಜಿನ್ನು ಕುಗ್ಗಿತೆಂದು ಹಳಿಯ ಮೇಲಿನ ಧೂಳಿನ ಕಣ ಕುಗ್ಗುವುದಿಲ್ಲ. ಅದಕ್ಕಾಗಿ ತಯಾರಕರು ಒಳಚೌಕಟ್ಟನ್ನು ಭಾರವಾದ ಲೋಹದಲ್ಲಿ ಎರಕ ಹೊಯ್ದು, ಮೋಟಾರಿಗೆ ಬೇಡವಾದ ಪ್ರತಿಯೊಂದು ಮೂಲೆಯನ್ನೂ ಲೋಹದಿಂದ ತುಂಬುತ್ತಾರೆ. ದೊಡ್ಡ ಎಂಜಿನ್ನಿನಲ್ಲಿ ಇದಕ್ಕೆ ಅವಕಾಶ ಧಾರಾಳ. ಚಿಕ್ಕದರಲ್ಲಿ ಮೋಟಾರಿಗೂ ತೂಕಕ್ಕೂ ಜಾಗದ ಜಗಳ.

ಮೂರನೆಯದು ವಿದ್ಯುತ್ತಿನದು. ಹಳಿಗಳು ಕವಲೊಡೆಯುವಲ್ಲಿ ಸ್ವಲ್ಪ ಭಾಗ ಪ್ಲಾಸ್ಟಿಕ್ಕಿನದಾಗಿದ್ದು, ವಿದ್ಯುತ್ತಿಲ್ಲದೆ ಇರುವುದು ವಾಡಿಕೆ. 12 ಚಕ್ರಗಳ ಉದ್ದನೆಯ ಎಂಜಿನ್ನು ಇದನ್ನು ದಾಟುವಾಗ ಉಳಿದ ಚಕ್ರಗಳು ವಿದ್ಯುತ್ತನ್ನು ಪಡೆಯುತ್ತಲೇ ಇರುತ್ತವೆ. 8 ಚಕ್ರಗಳು ಒತ್ತೊತ್ತಾಗಿರುವ ಶಂಟಿಂಗ್ ಎಂಜಿನ್ನು ಅಲ್ಲಿಯೇ ನಿಂತುಬಿಡುವ ಸಂಭವ ಹೆಚ್ಚು. ಆದರೆ ಕವಲುಹಳಿಗಳನ್ನು ದಿನಕ್ಕೆ ನೂರು ಬಾರಿ ದಾಟಬೇಕಾದುದು ಇದೇ ಎಂಜಿನ್ನು! ಅದೂ ಅತಿ ನಿಧಾನವಾಗಿ. ಗಂಟೆಗೆ 5 ಕಿಲೋಮೀಟರಿನ ನಡಿಗೆಯ ವೇಗವು ಎನ್ ಪ್ರಮಾಣದಲ್ಲಿ ಸೆಕೆಂಡಿಗೆ 9 ಮಿಲಿಮೀಟರಿಗಿಂತ ಕಡಮೆ. ಮೂಲದಲ್ಲಿ 40 ಅಂಗುಲ ವ್ಯಾಸವಿರುವ ಚಕ್ರ ಇಲ್ಲಿ ಆರೂಕಾಲು ಮಿಲಿಮೀಟರಿನಷ್ಟಾಗಿ, ಒಂದು ಸುತ್ತಿಗೆ ಎರಡು ಸೆಕೆಂಡಿಗಿಂತ ಹೆಚ್ಚು ಹೊತ್ತು ತೆಗೆದುಕೊಳ್ಳಬೇಕು. ನಿಮಿಷಕ್ಕೆ ಸಾವಿರಾರು ಸುತ್ತು ತಿರುಗುವ ಮೋಟಾರನ್ನು ಇಷ್ಟು ಶಾಂತವಾಗಿ ನಡೆಯುವಂತೆ ಪಳಗಿಸುವುದು ಕುಶಲ ಗೇರು ನಿರ್ಮಾಣದ ಪರೀಕ್ಷೆಯೇ ಸರಿ.

ಇನ್ನು ಹೊರರೂಪದ ಮಾತು. ಆಲ್ಕೋದ ಎಸ್-1 ಮತ್ತು ಎಸ್-2 ಎಂಜಿನ್ನುಗಳು ನೋಡಲು ಅವಳಿಗಳಂತಿವೆ. ಆದರೆ 660 ಅಶ್ವಶಕ್ತಿಯ ಎಸ್-1ಕ್ಕೆ ಸಣ್ಣ ಹೊಗೆಕೊಳವೆ. 1000 ಅಶ್ವಶಕ್ತಿಯ ಎಸ್-2ಕ್ಕೆ ಗಾಳಿಯನ್ನು ಒತ್ತಿ ತುಂಬುವ ಟರ್ಬೋ ಯಂತ್ರವಿರುವುದರಿಂದ ದಪ್ಪನೆಯ ಹೊಗೆಕೊಳವೆ. ಒಂದರ ಮೇಲೆ ಇನ್ನೊಂದರ ಹೆಸರು ಬರೆದು ಮಾರಿದರೆ ಬಲ್ಲವರಿಗೆ ಅದು ಬೇರೆಯವರ ಭಾವಚಿತ್ರದ ಕೆಳಗೆ ನಮ್ಮ ಅಜ್ಜನ ಹೆಸರು ಬರೆದಂತೆ ತೋರುತ್ತದೆ. ಕೈಗಂಬಿಯ ವಿಚಾರವೂ ಹೀಗೆಯೇ. ಒಂದೂಕಾಲು ಅಂಗುಲದ ಗಂಬಿ ಎನ್ ಪ್ರಮಾಣದಲ್ಲಿ ಮಿಲಿಮೀಟರಿನ ಐದನೆಯ ಒಂದು ಭಾಗ. ಅಷ್ಟು ತೆಳುವಾಗಿ ಪ್ಲಾಸ್ಟಿಕ್ಕನ್ನು ಅಚ್ಚು ಹೊಯ್ದರೆ ಮುಟ್ಟಿದರೆ ಮುರಿಯುತ್ತದೆ. ದಪ್ಪವಾಗಿ ಹೊಯ್ದರೆ ಕೈಗಂಬಿಯೆಂಬುದು ತೊಲೆಯಾಗುತ್ತದೆ.

ತಯಾರಕರನ್ನೇ ದೂರುವುದು ನ್ಯಾಯವಲ್ಲ. ಉಕ್ಕಿನ ಅಚ್ಚುಗಳನ್ನು ಕೊರೆಸುವ ವೆಚ್ಚ ಎಂಜಿನ್ನು ಚಿಕ್ಕದೆಂದು ಕಡಮೆಯಾಗುವುದಿಲ್ಲ. ಆದರೆ ಚಿಕ್ಕ ಎಂಜಿನ್ನಿಗೆ ಚಿಕ್ಕ ಬೆಲೆಯಿರಬೇಕೆಂದು ಕೊಳ್ಳುವವರು ಎಣಿಸುತ್ತಾರೆ. ಹೀಗಿದ್ದರೂ ಜಪಾನಿನ ಕಾಟೋ ಸಂಸ್ಥೆಯ ಎನ್‌ಡಬ್ಲ್ಯು-2, ಅಮೆರಿಕದ ಅಟ್ಲಾಸ್ ಸಂಸ್ಥೆಯ ವಿಓ-1000 ಮುಂತಾದವು ಎನ್ ಪ್ರಮಾಣದಲ್ಲಿ ಬಂದು, ಸರಾಗವಾದ ನಡಿಗೆಗಾಗಿ ಮೆಚ್ಚುಗೆ ಪಡೆದಿವೆ. ಸಾಧ್ಯವೆಂಬುದಕ್ಕೆ ಇವೇ ಸಾಕ್ಷಿ. ಹವ್ಯಾಸಿಗಳ ಬೇಡಿಕೆಗೆ ಇವೇ ಬಲ.

ಹವ್ಯಾಸಿಗಳಾದರೂ ಬೇಡಿ ಸುಮ್ಮನೆ ಕುಳಿತವರಲ್ಲ. ಉಳಿದಿರುವ ಮೂಲ ಎಂಜಿನ್ನುಗಳ ಬಳಿಗೆ ಹೋಗಿ ಅಳೆದು, ಹಳೆಯ ನಕ್ಷೆ ಮತ್ತು ಛಾಯಾಚಿತ್ರಗಳೊಡನೆ ಹೋಲಿಸಿ, ಗಣಕಯಂತ್ರದಲ್ಲಿ ರೂಪಿಸಿ, ರಾಳವನ್ನು ಪದರಪದರವಾಗಿ ಗಟ್ಟಿಗೊಳಿಸುವ ಮುದ್ರಣಯಂತ್ರದಿಂದ ಗೂಡನ್ನು ತಾವೇ ಪಡೆಯುತ್ತಾರೆ. ಹಿತ್ತಾಳೆಯ ಸಣ್ಣ ತಂತಿಯಿಂದ ಕೈಗಂಬಿಗಳನ್ನು ಬಾಗಿಸಿ ಕೂರಿಸುತ್ತಾರೆ. ಹಳಿಯಲ್ಲಿ ವಿದ್ಯುತ್ತು ತಪ್ಪಿದಾಗ ಕ್ಷಣಕಾಲ ನಡೆಸಬಲ್ಲ ಪುಟ್ಟ ವಿದ್ಯುತ್ಸಂಗ್ರಾಹಕವನ್ನು ಚಾಲಕನ ಕೋಣೆಯ ಮೂಲೆಯಲ್ಲಿ ಅಡಗಿಸುತ್ತಾರೆ. ಗೂಡನ್ನು ಮನೆಯಲ್ಲಿ ಮುದ್ರಿಸಬಹುದು. ಆದರೆ ನಿಧಾನವಾಗಿ, ತಡವರಿಸದೆ ನಡೆಯುವ ಒಳಯಂತ್ರವನ್ನು ಕೊಡಬೇಕಾದವರು ಕಾರ್ಖಾನೆಯವರೇ. ಹವ್ಯಾಸಿಗಳ ಕೋರಿಕೆಯ ತಿರುಳು ಇಷ್ಟೇ.

ಇದರಿಂದ ನಮ್ಮ ವಿದ್ಯಾರ್ಥಿಗಳಿಗೆ ಪ್ರಯೋಜನವೇನೆಂದು ಕೇಳಬಹುದು. ಬೆಲೆಬಾಳುವ ಈ ಮಾದರಿಗಳನ್ನು ನಮ್ಮಂತಹ ಶಾಲೆಗಳು ಕೊಳ್ಳಲಾರವು, ಕೊಳ್ಳಬೇಕಾಗಿಯೂ ಇಲ್ಲ. ಅಡಿಕೋಲು, ರಟ್ಟು, ಅಂಟು ಇವಿಷ್ಟಿದ್ದರೆ ಶಾಲೆಯ ಕೊಳವೆಬಾವಿಯನ್ನೋ ಊರ ಎತ್ತಿನಗಾಡಿಯನ್ನೋ 20ನೆಯ ಒಂದು ಭಾಗಕ್ಕೆ ಇಳಿಸಿ ಕಟ್ಟಬಹುದು. ಹಾಗೆ ಕಟ್ಟಹೊರಟವನಿಗೆ ಮೊದಲು ಮೂಲವಸ್ತುವನ್ನು ಅಳೆಯಬೇಕಾಗುತ್ತದೆ. ಅಳೆಯುವಾಗಲೇ, ದಿನವೂ ಕಂಡಿದ್ದ ಆ ವಸ್ತುವನ್ನು ಅವನು ಮೊದಲ ಬಾರಿಗೆ ನೋಡುತ್ತಾನೆ. ಎತ್ತಿನಗಾಡಿಗಳು ನಮ್ಮ ಸೀಮೆಯಲ್ಲಿಯೂ ವರ್ಷವರ್ಷಕ್ಕೆ ಕಡಮೆಯಾಗುತ್ತಿವೆ. ಅಳೆದಿಟ್ಟುಕೊಳ್ಳುವುದಾದರೆ, ಅವು ಇರುವಾಗಲೇ ಅಳೆದಿಟ್ಟುಕೊಳ್ಳುವುದು ಲೇಸು.